ಹೆಲಿಕಾಪ್ಟರ್ ಏರುವ ಮುನ್ನ ತಾಲೀಮು

2018ರ ಮಾರ್ಚ್‌ನಲ್ಲಿ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಗೂ ಕೆಂಪೇಗೌಡ ವಿಮಾನ ನಿಲ್ದಾಣಕ್ಕೂ ನಡುವೆ ಹೆಲಿ ಟ್ಯಾಕ್ಸಿ ಶುರುವಾದಾಗ ಎಲ್ಲರೂ ಹಾಕಿದ್ದು ಒಂದೇ ಲೆಕ್ಕ. ರಸ್ತೆಯಲ್ಲಿ ಎರಡು ಗಂಟೆ ನುಂಗುವ ದಾರಿ, ಆಕಾಶದಲ್ಲಿ ಕಾಲು ಗಂಟೆ. ಸಿಲ್ಕ್ ಬೋರ್ಡ್‌ನಲ್ಲೋ ಹೋಪ್ ಫಾರ್ಮ್‌ನಲ್ಲೋ ಗೊರಗುಂಟೆಪಾಳ್ಯದಲ್ಲೋ ಸೈರನ್ ಹಾಕಿಕೊಂಡೇ ನಿಂತುಬಿಟ್ಟ ಆಂಬುಲೆನ್ಸನ್ನು ಕಂಡವರಿಗೆ ಇದೇ ಲೆಕ್ಕವನ್ನು ರೋಗಿಗೂ ಅನ್ವಯಿಸಬಾರದೇಕೆ ಎಂದು ಅನ್ನಿಸುವುದು ಸಹಜ. ಪ್ರಯತ್ನಗಳೂ ನಡೆದಿವೆ. 2016ರಲ್ಲಿ ಏವಿಯೇಟರ್ಸ್ ಏರ್ ರೆಸ್ಕ್ಯೂ ಸಂಸ್ಥೆ ಅಮೆರಿಕದ ಪಾಲುದಾರರ ಜೊತೆ ಸೇರಿ ಬೆಂಗಳೂರಿನಲ್ಲಿ ಹೆಲಿಕಾಪ್ಟರ್ ಆಂಬುಲೆನ್ಸ್ ಸೇವೆ ಆರಂಭಿಸಿತು. ಡಾ. ಶಾಲಿನಿ ನಲವಾಡ ಮತ್ತು ಡಾ. ರಾಹುಲ್ ಸಿಂಗ್ ಸರ್ದಾರ್ ಕಟ್ಟಿದ ಐಕ್ಯಾಟ್ ಸಂಸ್ಥೆ 2021ರಲ್ಲಿ ಜಕ್ಕೂರಿನಿಂದ ಏರ್ ಆಂಬುಲೆನ್ಸ್ ಸೇವೆಗೆ ಇಳಿಯಿತು. 2024ರ ಅಕ್ಟೋಬರ್‌ನಲ್ಲಿ ಋಷಿಕೇಶದ ಏಮ್ಸ್‌ನಲ್ಲಿ ಸರ್ಕಾರಿ ಹೆಲಿಕಾಪ್ಟರ್ ಆಂಬುಲೆನ್ಸ್ ಸೇವೆಯೂ ಉದ್ಘಾಟನೆಯಾಯಿತು.

ಯಂತ್ರದ ಬಗ್ಗೆ, ಬಾಡಿಗೆಯ ಬಗ್ಗೆ, ಹೆಲಿಪ್ಯಾಡ್‌ಗಳ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಆ ಯಂತ್ರದ ಸುತ್ತ ಒಂದು ಗಂಟೆ ಕೂಡಿ ದುಡಿದು ಮತ್ತೆ ಚದುರಿಹೋಗುವ ಹತ್ತು ಹನ್ನೆರಡು ಜನರ ಬಗ್ಗೆ ಚರ್ಚೆ ಕಡಿಮೆ. ಪೈಲಟ್, ವೈದ್ಯ, ನರ್ಸ್, ಎರಡೂ ತುದಿಯ ಆಂಬುಲೆನ್ಸ್ ಸಿಬ್ಬಂದಿ, ಹೆಲಿಪ್ಯಾಡಿನ ಅಗ್ನಿಶಾಮಕದವರು, ಗೇಟ್ ಕಾಯುವ ಸೆಕ್ಯುರಿಟಿ. ಇವರಲ್ಲಿ ಹೆಚ್ಚಿನವರು ಪರಸ್ಪರ ಮುಖ ನೋಡುವುದೇ ಅಂದು ಮೊದಲ ಸಲ. ಹಾರಾಟದ ಕಾಲು ಗಂಟೆಯಲ್ಲಿ ರೋಗಿಗೆ ಆಗುವ ಅಪಾಯಕ್ಕಿಂತ ಏರಿಸುವಾಗ, ಇಳಿಸುವಾಗ ಆಗುವ ಅಪಾಯ ದೊಡ್ಡದು. ಐಸಿಯು ಹಾಸಿಗೆಯಿಂದ ಆಂಬುಲೆನ್ಸ್ ಸ್ಟ್ರೆಚರ್‌ಗೆ, ಅಲ್ಲಿಂದ ಹೆಲಿಕಾಪ್ಟರಿನ ಸ್ಟ್ರೆಚರ್‌ಗೆ, ಮತ್ತೆ ಆಂಬುಲೆನ್ಸ್‌ಗೆ, ಕೊನೆಗೆ ಇನ್ನೊಂದು ಹಾಸಿಗೆಗೆ. ನಾಲ್ಕು ಸಲ ಎತ್ತಬೇಕು. ಗಂಟಲಿಗೆ ಹಾಕಿದ ಉಸಿರಿನ ಕೊಳವೆ ಜಾರುವುದು, ಡ್ರಿಪ್ ಕಿತ್ತುಬರುವುದು, ಒಂದು ಸಿಲಿಂಡರ್‌ನಿಂದ ಇನ್ನೊಂದಕ್ಕೆ ಬದಲಿಸುವಾಗ ಆಕ್ಸಿಜನ್ ವಾಲ್ವ್ ತೆರೆಯಲು ಮರೆಯುವುದು, ಎಲ್ಲವೂ ಇಂಥ ಹೊತ್ತಿನಲ್ಲೇ. ಇದಕ್ಕೆ ಮದ್ದು ತಾಲೀಮು. ಅದೂ ಬೇರೆ ಬೇರೆಯಾಗಿ ಅಲ್ಲ, ಎಲ್ಲರೂ ಕೂಡಿ ಮಾಡುವ ತಾಲೀಮು.

ಕೂಡಿ ಕೆಲಸ ಮಾಡುವುದು ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಬೆಂಗಳೂರಿಗರು ದೂರದ ಉದಾಹರಣೆ ಹುಡುಕಬೇಕಾಗಿಲ್ಲ. 1990ರ ಫೆಬ್ರವರಿ 14ರಂದು ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ-320 ವಿಮಾನ ಎಚ್‌ಎಎಲ್ ರನ್‌ವೇ ತಲುಪುವ ಮೊದಲೇ ಚಲ್ಲಘಟ್ಟದ ಗಾಲ್ಫ್ ಮೈದಾನಕ್ಕೆ ಅಪ್ಪಳಿಸಿತು. 146 ಜನರಲ್ಲಿ 92 ಮಂದಿ ತೀರಿಕೊಂಡರು. ಹೊಸ ಮಾದರಿಯ ವಿಮಾನ, ತಿಳಿಯಾದ ಹಗಲು, ಕಾಕ್‌ಪಿಟ್‌ನಲ್ಲಿ ಇಬ್ಬರು ಅನುಭವಿಗಳು. ಎಂಜಿನ್‌ಗಳು ಐಡಲ್‌ನಲ್ಲಿದ್ದವು, ವೇಗ ಕುಸಿಯುತ್ತ ಹೋಗುತ್ತಿತ್ತು. ಅದು ಇಬ್ಬರ ಗಮನಕ್ಕೂ ಬಂದಾಗ ತಡವಾಗಿತ್ತು. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ 158 ಜನರನ್ನು ಬಲಿತೆಗೆದುಕೊಂಡ ದುರಂತದ ತನಿಖಾ ವರದಿ ಇನ್ನೂ ಕಸಿವಿಸಿ ಹುಟ್ಟಿಸುತ್ತದೆ. ಇಳಿಯುವುದು ಬೇಡ, ಮೇಲೇರೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದ್ದರು. ಕ್ಯಾಪ್ಟನ್ ಇಳಿಯಲು ಹೊರಟ ನಿರ್ಧಾರ ಬದಲಿಸಲಿಲ್ಲ. ಸಹ ಪೈಲಟ್‌ಗೆ ಅಪಾಯ ಗೊತ್ತಿತ್ತು, ಬಾಯಿಬಿಟ್ಟು ಹೇಳಿಯೂ ಆಗಿತ್ತು. ಆ ಮಾತನ್ನು ನಿರ್ಧಾರವಾಗಿ ಬದಲಾಯಿಸುವ ರೂಢಿ ಆ ಕಾಕ್‌ಪಿಟ್‌ನಲ್ಲಿರಲಿಲ್ಲ.

ವಿಮಾನಯಾನ ಜಗತ್ತು ಈ ಸತ್ಯವನ್ನು ಕಂಡುಕೊಂಡದ್ದು 1970ರ ದಶಕದ ಕೊನೆಗೆ. 1977ರಲ್ಲಿ ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ಎರಡು ಜಂಬೊ ವಿಮಾನಗಳು ರನ್‌ವೇ ಮೇಲೆ ಡಿಕ್ಕಿಯಾಗಿ 583 ಮಂದಿ ಸತ್ತರು. ಮರುವರ್ಷ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಚಕ್ರದ ದೋಷವೊಂದರ ಚಿಂತೆಯಲ್ಲಿ ಮುಳುಗಿದ ಸಿಬ್ಬಂದಿ ಇಂಧನ ಮುಗಿಯುವವರೆಗೂ ಸುತ್ತುಹಾಕುತ್ತಿದ್ದರು. 1979ರಲ್ಲಿ ನಾಸಾ ಈ ಬಗ್ಗೆ ಕಾರ್ಯಾಗಾರ ನಡೆಸಿತು. 1981ರಲ್ಲಿ ಯುನೈಟೆಡ್ ಏರ್‌ಲೈನ್ಸ್ ಸಿಬ್ಬಂದಿ ಹೊಂದಾಣಿಕೆಯ ತರಬೇತಿ ಶುರುಮಾಡಿತು. ಅದನ್ನೇ ಸ್ಟ್ಯಾನ್‌ಫರ್ಡ್‌ನ ಅರಿವಳಿಕೆ ತಜ್ಞ ಡೇವಿಡ್ ಗಾಬಾ ಆಪರೇಷನ್ ಥಿಯೇಟರಿಗೆ ತಂದರು. ನಾರ್ವೆಯ ಗೊಂಬೆ ತಯಾರಕ ಆಸ್ಮುಂಡ್ ಲೇರ್ಡಾಲ್ 1960ರಲ್ಲಿ ರೂಪಿಸಿದ ರೆಸಸಿ ಆ್ಯನ್ ಎಂಬ ತರಬೇತಿ ಗೊಂಬೆಯ ಮೇಲೆ ಒಬ್ಬೊಬ್ಬರಾಗಿ ಎದೆ ಒತ್ತುವುದನ್ನು ಕಲಿಯುತ್ತಿದ್ದ ವೈದ್ಯಲೋಕ, ಆಮೇಲೆ ತಂಡವಾಗಿ ಕಲಿಯುವುದಕ್ಕೆ ತೊಡಗಿತು.

ನಮ್ಮ ನಗರದ ಮಟ್ಟಿಗೆ ಒಂದು ಸಂತೋಷದ ಸಂಗತಿಯಿದೆ. ಈ ವಿದ್ಯೆಯ ಬಿಡಿ ಭಾಗಗಳೆಲ್ಲ ಇಲ್ಲೇ ಇವೆ. ವಿಮಾನಪುರದಲ್ಲಿ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ 1957ರಿಂದ ಹಾರುವವರ ದೇಹ ಮನಸ್ಸುಗಳನ್ನು ಅಧ್ಯಯನ ಮಾಡುತ್ತ ಬಂದಿದೆ. ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಸೇರಿ ನಡೆಸುವ ಹ್ಯಾಟ್ಸಾಫ್ ಕೇಂದ್ರ 2010ರಿಂದ ಧ್ರುವ, ಬೆಲ್ 412 ಮೊದಲಾದ ಹೆಲಿಕಾಪ್ಟರ್‌ಗಳ ಪೈಲಟ್‌ಗಳಿಗೆ ಸಿಮ್ಯುಲೇಟರಿನಲ್ಲಿ ತರಬೇತಿ ಕೊಡುತ್ತಿದೆ. ಎಂ.ಎಸ್. ರಾಮಯ್ಯದಂಥ ವೈದ್ಯಕೀಯ ಸಂಸ್ಥೆಗಳಲ್ಲಿ ಉಸಿರಾಡುವ, ನಾಡಿ ಮಿಡಿಯುವ ಮ್ಯಾನಿಕಿನ್‌ಗಳಿರುವ ಕೌಶಲ ಕೇಂದ್ರಗಳಿವೆ. ಒಂದೆಡೆ ಪೈಲಟ್ ಕಲಿಯುತ್ತಾನೆ, ಇನ್ನೊಂದೆಡೆ ವೈದ್ಯ ಕಲಿಯುತ್ತಾನೆ. ಇಬ್ಬರೂ ಒಂದೇ ಇಕ್ಕಟ್ಟಿನ ಕ್ಯಾಬಿನ್ನಿನಲ್ಲಿ, ಒಂದೇ ಗದ್ದಲದಲ್ಲಿ, ಒಂದೇ ರೋಗಿಯ ಮುಂದೆ ಕೂತು ಕಲಿಯುವ ಜಾಗ ಬೇಕು.

ಆ ಜಾಗಕ್ಕೆ ಕೋಟಿಗಟ್ಟಲೆ ಸುರಿಯಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಪೈಲಟ್‌ಗೆ ಬೇಕಾದ ಸಿಮ್ಯುಲೇಟರ್ ದುಬಾರಿ, ಅದು ಹೇಗೂ ಇದೆ. ತಂಡದ ತಾಲೀಮಿಗೆ ಬೇಕಾದದ್ದು ಹಾರದ ಒಂದು ಕ್ಯಾಬಿನ್. ಪೀಣ್ಯದ ಯಾವುದೇ ಫ್ಯಾಬ್ರಿಕೇಷನ್ ಶೆಡ್‌ಗೆ ಹೋಗಿ ಹೆಲಿಕಾಪ್ಟರಿನ ಒಳ ಅಳತೆ ಕೊಟ್ಟರೆ ಚೌಕ ಪೈಪು, ಪ್ಲೈವುಡ್, ಹಳೆಯ ಸೀಟು, ಬೆಲ್ಟುಗಳಲ್ಲಿ ಕಟ್ಟಿಕೊಡಬಲ್ಲ ಮೇಸ್ತ್ರಿಗಳಿದ್ದಾರೆ. ಬಾಗಿಲು ನಿಜವಾದ ಬಾಗಿಲಿನಷ್ಟೇ ಅಗಲ ಇರಬೇಕು, ಸೂರು ಅಷ್ಟೇ ತಗ್ಗಿರಬೇಕು, ಮಾನಿಟರ್ ಸಿಕ್ಕಿಸುವ ಕೊಕ್ಕೆ ಅದೇ ಎತ್ತರದಲ್ಲಿರಬೇಕು. ರೋಟರಿನ ಸದ್ದಿಗೆ ದೊಡ್ಡ ಸ್ಪೀಕರ್, ಮಾತಿಗೆ ಹೆಡ್‌ಸೆಟ್. ಆ ಸದ್ದಿನಲ್ಲಿ ಸ್ಟೆತಸ್ಕೋಪ್ ಕೆಲಸಕ್ಕೆ ಬಾರದು. ಕೊಳವೆ ಸರಿಯಾದ ಜಾಗದಲ್ಲಿದೆಯೇ ಎಂದು ಉಸಿರಿನ ಇಂಗಾಲದ ಡೈಆಕ್ಸೈಡ್ ತೋರಿಸುವ ಮಾನಿಟರ್ ನೋಡಿಯೇ ತಿಳಿಯಬೇಕು. ಐಸಿಯುವಿನಲ್ಲಿ ಇಪ್ಪತ್ತು ವರ್ಷ ದುಡಿದ ವೈದ್ಯರ ಕೈ ಕೂಡ ಅಲ್ಲಿ ಒಮ್ಮೆ ತಡವರಿಸಬಹುದು. ಹಾಗೆ ತಡವರಿಸುವುದು ಶೆಡ್ಡಿನಲ್ಲಿ ಆಗಲಿ.

ತಾಲೀಮಿನ ಯೋಜನೆ ಎಂದರೆ ರೋಮಾಂಚಕ ಕಥೆ ಹೆಣೆಯುವುದಲ್ಲ. ಈ ತಂಡ ಇಂದು ಏನು ಕಲಿಯಬೇಕು ಎಂಬುದನ್ನು ಮೊದಲು ಒಂದೆರಡು ಸಾಲಿನಲ್ಲಿ ಬರೆದುಕೊಳ್ಳಬೇಕು, ಕಥೆ ಆಮೇಲೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಕಲಿಯಬೇಕಾದ ಅಂಶ ಇಷ್ಟೇ: ವೈದ್ಯಕೀಯ ಕಡೆಯವರಿಗೆ ಗೊತ್ತಿರುವ ಸಮಯದ ಲೆಕ್ಕ ಪೈಲಟ್‌ಗೆ ತಲುಪಬೇಕು. ಕಥೆ ಹೀಗಿರಲಿ. ಚಿತ್ರದುರ್ಗದ ಹತ್ತಿರ ಹೆದ್ದಾರಿ ಅಪಘಾತ, ಎದೆಗೆ ಪೆಟ್ಟುಬಿದ್ದ ಲಾರಿ ಚಾಲಕ, ವೆಂಟಿಲೇಟರ್ ಮೇಲೆ ಬೊಮ್ಮಸಂದ್ರದ ಆಸ್ಪತ್ರೆಗೆ ತರಬೇಕು. ಸುಮಾರು ಒಂದು ಗಂಟೆಯ ಹಾರಾಟ. ಹತ್ತು ಲೀಟರ್ ಅಳತೆಯ ಸಿಲಿಂಡರ್, ಗೇಜ್ 100 ಬಾರ್ ತೋರಿಸುತ್ತಿದೆ. ಅಂದರೆ ಸುಮಾರು 1000 ಲೀಟರ್ ಆಕ್ಸಿಜನ್. ನಿಮಿಷಕ್ಕೆ 10 ಲೀಟರ್ ಹೋದರೆ 100 ನಿಮಿಷ ಬರುತ್ತದೆ, ನಿರಾಳ. ಹೊರಟ ಹತ್ತು ನಿಮಿಷಕ್ಕೆ ಮ್ಯಾನಿಕಿನ್‌ನ ಆಕ್ಸಿಜನ್ ಮಟ್ಟ ಇಳಿಯುವಂತೆ ತರಬೇತುದಾರ ಮಾಡುತ್ತಾನೆ. ವೈದ್ಯರು ಹರಿವನ್ನು 15 ಲೀಟರ್‌ಗೆ ಏರಿಸುತ್ತಾರೆ, ರೋಗಿ ಸುಧಾರಿಸುತ್ತಾನೆ. ಉಳಿದ 900 ಲೀಟರ್ ಈಗ ಒಂದೇ ಗಂಟೆಯದು ಎಂಬುದು ಯಾರ ಲೆಕ್ಕಕ್ಕೂ ಬಂದಿಲ್ಲ. ನಗರ ಸಮೀಪಿಸುವಾಗ ಏರ್ ಟ್ರಾಫಿಕ್ ಕಂಟ್ರೋಲ್‌ನಿಂದ ಸೂಚನೆ: ಬೇರೆ ವಿಮಾನಗಳಿವೆ, ಹದಿನೈದು ನಿಮಿಷ ಕಾಯಿರಿ. ಪೈಲಟ್ ಸರಿ ಎನ್ನುತ್ತಾನೆ. ಹಿಂದೆ ಏನಾಗುತ್ತಿದೆ ಎಂದು ಅವನಿಗೆ ಗೊತ್ತಿಲ್ಲ, ಗೊತ್ತಿದ್ದರೆ ವೈದ್ಯಕೀಯ ತುರ್ತು ಎಂದು ಹೇಳಿ ಮೊದಲ ಸರದಿ ಕೇಳುತ್ತಿದ್ದ.

ಈಗ ನರ್ಸ್ ಕಣ್ಣು ಗೇಜ್ ಮೇಲೆ ಬೀಳುತ್ತದೆ ಎಂದುಕೊಳ್ಳಿ. ನಮ್ಮ ಆಸ್ಪತ್ರೆಗಳ ರೂಢಿಯಲ್ಲಿ ಬರುವ ಮಾತು ಬಹುತೇಕ ಹೀಗಿರುತ್ತದೆ: “ಸರ್, ಸಿಲಿಂಡರ್ ಸ್ವಲ್ಪ ನೋಡ್ತೀರಾ?” ಗದ್ದಲದಲ್ಲಿ ಇನ್ನೊಂದು ಕೆಲಸದಲ್ಲಿರುವ ವೈದ್ಯರು ಹೂಂ ಎನ್ನುತ್ತಾರೆ. ತಾಲೀಮು ಕಲಿಸಬೇಕಾದದ್ದು ಬೇರೆ ಮಾತು: “ಸರ್, ಆಕ್ಸಿಜನ್ ಹತ್ತು ನಿಮಿಷಕ್ಕೆ ಮಾತ್ರ ಇದೆ. ಕ್ಯಾಪ್ಟನ್‌ಗೆ ಈಗಲೇ ಹೇಳಬೇಕು.” ವೈದ್ಯರು ಅದನ್ನೇ ಮರುನುಡಿಯಬೇಕು: “ಹತ್ತು ನಿಮಿಷ, ಹೇಳ್ತಿದ್ದೇನೆ.” ಗೌರವಕ್ಕೆ ಕುಂದಿಲ್ಲ, ಅಂಕಿ ಇದೆ, ಮುಂದೇನು ಎಂಬುದಿದೆ, ಕೇಳಿಸಿತು ಎಂಬ ಖಾತ್ರಿಯೂ ಇದೆ. ಹಿರಿಯರ ಎದುರು ಹೀಗೆ ನೇರವಾಗಿ ಮಾತಾಡುವುದು ನಮ್ಮಲ್ಲಿ ಸುಲಭವಲ್ಲ. ಒಂದು ಉಪನ್ಯಾಸದಿಂದ ಅದು ಬರುವುದೂ ಇಲ್ಲ. ಹಿರಿಯ ವೈದ್ಯರೇ ಖುದ್ದಾಗಿ ತಾಲೀಮಿಗೆ ಬಂದು, ಕಿರಿಯರ ಬಾಯಿಂದ ಅಂಥ ಮಾತು ಕೇಳಿ, “ಹೇಳಿದ್ದು ಒಳ್ಳೆಯದಾಯಿತು” ಎಂದಾಗ ಬರುತ್ತದೆ. ಹಿರಿಯರು ಬಾರದೆ ಬರೀ ಕಿರಿಯರನ್ನು ಕಳಿಸುವ ತರಬೇತಿ ದಂಡ.

ಕಲಿಕೆ ನಿಜವಾಗಿ ನಡೆಯುವುದು ಆಟ ಮುಗಿದ ಮೇಲೆ. ಇಪ್ಪತ್ತು ನಿಮಿಷದ ಸನ್ನಿವೇಶಕ್ಕೆ ನಲವತ್ತು ನಿಮಿಷದ ಮಾತುಕತೆ ಬೇಕು. ಎಲ್ಲರೂ ದುಂಡಾಗಿ ಕೂರಬೇಕು, ವಿಡಿಯೊ ಇದ್ದರೆ ನೋಡಬೇಕು. “ತಪ್ಪು ಮಾಡಿದ್ದು ಯಾರು” ಎಂಬ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ. “ಆ ಹೊತ್ತಿಗೆ ನಿಮಗೆ ಏನು ಕಾಣಿಸುತ್ತಿತ್ತು, ಏನು ಅನ್ನಿಸಿತು” ಎಂದು ಕೇಳಬೇಕು. ಅಲ್ಲಿ ಆಡಿದ ಮಾತು ಅಲ್ಲಿಗೇ ಉಳಿಯಬೇಕು, ಬಡ್ತಿಯ ಕಡತಕ್ಕೆ ಹೋಗಬಾರದು. ಹೋಗುತ್ತದೆ ಎಂಬ ಅನುಮಾನ ಒಮ್ಮೆ ಹುಟ್ಟಿದರೆ ಮುಂದಿನ ಸಲ ಎಲ್ಲರೂ ಬಾಯಿಮುಚ್ಚಿ ಕೂರುತ್ತಾರೆ.

ಪೈಲಟ್‌ಗೆ ಯಾವಾಗ ಏನು ಹೇಳಬೇಕು ಎಂಬುದರಲ್ಲಿ ಒಂದು ಸೂಕ್ಷ್ಮವಿದೆ. ಹೊರಡುವ ಮುನ್ನ ರೋಗಿಯ ವಿವರ ಪೈಲಟ್ ಕಿವಿಗೆ ಬೀಳಬಾರದು ಎಂಬ ಪದ್ಧತಿ ಹೊರದೇಶಗಳ ಅನೇಕ ಸೇವೆಗಳಲ್ಲಿದೆ. ಮೂರು ವರ್ಷದ ಮಗು ಎಂದು ಕೇಳಿದರೆ ಯಾವ ಪೈಲಟ್‌ಗೂ ಮೋಡ ತೆಳ್ಳಗೆ ಕಾಣುತ್ತದೆ. ಅಮೆರಿಕದಲ್ಲಿ 2008 ಹೆಲಿಕಾಪ್ಟರ್ ಆಂಬುಲೆನ್ಸ್‌ಗಳ ಮಟ್ಟಿಗೆ ಅತಿ ಹೆಚ್ಚು ಸಾವುಗಳ ವರ್ಷವಾಯಿತು. ಅದರ ಬೆನ್ನಲ್ಲೇ ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ ವಿಚಾರಣೆ ನಡೆಸಿ, ಹಾರುವ ಮುನ್ನ ಅಪಾಯದ ಅಂದಾಜು, ರಾತ್ರಿ ದೃಷ್ಟಿ ಸಾಧನ, ತರಬೇತಿ ಎಲ್ಲದರ ಮೇಲೂ ಒತ್ತು ಕೊಟ್ಟಿತು. ಹೊರಡಲು ಎಲ್ಲರೂ ಒಪ್ಪಬೇಕು, ಬೇಡ ಎನ್ನಲು ಒಬ್ಬರು ಸಾಕು ಎಂಬುದು ಈ ವೃತ್ತಿಯವರ ನಡುವಿನ ಕಟ್ಟಳೆ. ಹಾಗಾಗಿ ಹವಾಮಾನದ ನಿರ್ಧಾರವಾಗುವವರೆಗೆ ರೋಗಿಯ ಕಥೆ ಬೇಡ, ಆಕಾಶಕ್ಕೇರಿದ ಮೇಲೆ ಸಮಯದ ಲೆಕ್ಕ ಮುಚ್ಚಿಡಬಾರದು. ಈ ಎರಡನ್ನೂ ಕಲಬೆರಕೆಯಾಗದಂತೆ ಅಭ್ಯಾಸ ಮಾಡಿಸಬೇಕು.

ಹಾರಬಾರದ ಸನ್ನಿವೇಶವೂ ತಾಲೀಮಿನ ಪಟ್ಟಿಯಲ್ಲಿ ಇರಲೇಬೇಕು ಎನ್ನುವುದು ಇದಕ್ಕೇ. ಪೀಣ್ಯದ ಪವರ್ ಪ್ರೆಸ್‌ನಲ್ಲಿ ಕಾರ್ಮಿಕನೊಬ್ಬನ ಮುಂಗೈ ತುಂಡಾಗಿದೆ, ನವೆಂಬರಿನ ಸಂಜೆ ಐದೂವರೆ ಎಂದಿಟ್ಟುಕೊಳ್ಳಿ. ತುಂಡಾದ ಭಾಗವನ್ನು ಒದ್ದೆ ಗಾಜ್ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ, ಆ ಚೀಲವನ್ನು ಐಸಿನ ಮೇಲಿಡಬೇಕು. ಐಸ್ ನೇರವಾಗಿ ತಾಗಿದರೆ ಅಂಗ ಹಾಳು. ಸ್ನಾಯು ಹೆಚ್ಚಿರುವ ಭಾಗವಾದ್ದರಿಂದ ಮರುಜೋಡಣೆಗೆ ಕೆಲವೇ ಗಂಟೆಗಳ ಅವಕಾಶ. ಎಲ್ಲರ ಮನಸ್ಸೂ ಹೆಲಿಕಾಪ್ಟರ್ ಕಡೆ ವಾಲುತ್ತದೆ. ಆದರೆ ಆ ತಿಂಗಳಲ್ಲಿ ಆರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ಕಣ್ಣಿಗೆ ಕಾಣುವುದನ್ನೇ ನಂಬಿ ಹಾರುವ ಹೆಲಿಕಾಪ್ಟರ್‌ಗಳು ನಮ್ಮಲ್ಲಿ ಸಾಮಾನ್ಯವಾಗಿ ರಾತ್ರಿ ಹಾರುವಂತಿಲ್ಲ. ಹತ್ತು ಹದಿನೈದು ಕಿಲೋಮೀಟರ್ ದೂರದ ಆಸ್ಪತ್ರೆಗೆ ಪೊಲೀಸರು ದಾರಿ ಬಿಡಿಸಿದರೆ ರಸ್ತೆಯೇ ಮುಂಚೆ ತಲುಪಿಸುತ್ತದೆ. 2025ರ ಆಗಸ್ಟ್‌ನಲ್ಲಿ ವೈಟ್‌ಫೀಲ್ಡ್‌ನ ವೈದೇಹಿ ಆಸ್ಪತ್ರೆಯಿಂದ ರಾಜರಾಜೇಶ್ವರಿ ನಗರದ ಸ್ಪರ್ಶ್ ಆಸ್ಪತ್ರೆಗೆ ದಾನಿಯ ಯಕೃತ್ತನ್ನು ಸಾಗಿಸಿದ್ದು ನಮ್ಮ ಮೆಟ್ರೊದಲ್ಲಿ. ಯಾವ ದಾರಿ ಯಾವ ಹೊತ್ತಿಗೆ ಸರಿ ಎಂದು ತಣ್ಣಗೆ ಯೋಚಿಸಿದವರ ನಿರ್ಧಾರ ಅದು. ಅಷ್ಟು ತಣ್ಣಗಿನ ಯೋಚನೆ ಪೀಣ್ಯದ ಆ ಸಂಜೆಯ ಗಡಿಬಿಡಿಯಲ್ಲೂ ಬರಬೇಕಾದರೆ ಮೊದಲೇ ಅಭ್ಯಾಸವಾಗಿರಬೇಕು.

ನೆಲದ ಮೇಲಿನವರ ಬಗ್ಗೆ ನನಗೆ ಹೆಚ್ಚು ಚಿಂತೆ. ಸೇವೆ ನಡೆಸುವ ಕಂಪನಿ ತನ್ನ ಪೈಲಟ್, ವೈದ್ಯರಿಗೆ ಹೇಗೋ ತರಬೇತಿ ಕೊಟ್ಟುಕೊಳ್ಳುತ್ತದೆ. ವೈಟ್‌ಫೀಲ್ಡ್‌ನ ಟೆಕ್ ಪಾರ್ಕಿನಲ್ಲಿ ಏಜೆನ್ಸಿ ಮೂಲಕ ಬಂದ ಸೆಕ್ಯುರಿಟಿ ಗಾರ್ಡ್ ಯಾರ ಲೆಕ್ಕಕ್ಕೆ ಬರುತ್ತಾನೆ? ಆತ ಅಸ್ಸಾಮಿನವನೋ ಒಡಿಶಾದವನೋ ಆಗಿರಬಹುದು. ಆಂಬುಲೆನ್ಸ್‌ನವರು ಕನ್ನಡದಲ್ಲಿ ಕೂಗುತ್ತಾರೆ, ಪೈಲಟ್ ಇಂಗ್ಲಿಷ್ ಹಿಂದಿಯಲ್ಲಿ, ನರ್ಸ್ ಮಲಯಾಳಂ ಬೆರೆತ ಕನ್ನಡದಲ್ಲಿ. ರೋಟರ್ ತಿರುಗುವಾಗ ಯಾವ ಭಾಷೆಯೂ ಕೇಳಿಸುವುದಿಲ್ಲ, ಕೈ ಸನ್ನೆಯೊಂದೇ ಗತಿ. ಪೈಲಟ್ ಹೆಬ್ಬೆರಳೆತ್ತುವವರೆಗೆ ಯಾರೂ ಹತ್ತಿರ ಹೋಗಬಾರದು. ಹೋಗುವಾಗ ಅವನ ಕಣ್ಣಿಗೆ ಕಾಣುವಂತೆ ಮುಂದಿನಿಂದ, ತಲೆತಗ್ಗಿಸಿ ಹೋಗಬೇಕು. ಬಾಲದ ಕಡೆಗೆ ಯಾವ ಕಾರಣಕ್ಕೂ ಸುಳಿಯಬಾರದು. ವೇಗವಾಗಿ ತಿರುಗುವ ಬಾಲದ ರೋಟರ್ ಕಣ್ಣಿಗೆ ಕಾಣುವುದೇ ಇಲ್ಲ. ಟೋಪಿ, ಬೆಡ್‌ಶೀಟ್, ಟಾರ್ಪಾಲ್, ಪಕ್ಕದ ಕಟ್ಟಡ ಕಾಮಗಾರಿಯ ಪ್ಲಾಸ್ಟಿಕ್ ಹಾಳೆ, ಎಲ್ಲವೂ ಗಾಳಿಗೆ ಹಾರಿ ಎಂಜಿನ್ ಸೇರಬಹುದು. 108 ಆಂಬುಲೆನ್ಸ್‌ನಲ್ಲಿ ಚಾಲಕನನ್ನೂ ಪೈಲಟ್ ಎಂದೇ ಕರೆಯುತ್ತಾರೆ. ಒಂದೇ ಹೆಲಿಪ್ಯಾಡಿನಲ್ಲಿ ಇಬ್ಬರು ಪೈಲಟ್‌ಗಳಿದ್ದಾಗ “ಪೈಲಟ್ ಬಾ ಅಂದ್ರು” ಎಂಬ ಮಾತು ಜೀವಕ್ಕೆ ಎರವಾಗಬಹುದು. ಹಾರಿಸುವವರನ್ನು ಕ್ಯಾಪ್ಟನ್ ಎಂದೇ ಕರೆಯುವುದೆಂದು ಮೊದಲ ದಿನವೇ ತೀರ್ಮಾನಿಸಿಕೊಳ್ಳಬೇಕು. ಇಂಥ ಚಿಕ್ಕ ಸಂಗತಿ ಬಯಲಿಗೆ ಬರುವುದು ಎಲ್ಲರೂ ಒಟ್ಟಿಗೆ ನಿಂತು ಒಮ್ಮೆ ಮಾಡಿ ನೋಡಿದಾಗ.

ಹೆಲಿಕಾಪ್ಟರ್ ತಾನೇ ಅಪಘಾತಕ್ಕೀಡಾದರೆ? 2025ರ ಮೇ 17ರಂದು ಋಷಿಕೇಶ ಏಮ್ಸ್‌ನ ಹೆಲಿಕಾಪ್ಟರ್ ಆಂಬುಲೆನ್ಸ್ ಕೇದಾರನಾಥದಲ್ಲಿ ಇಳಿಯುವಾಗ ನೆಲಕ್ಕಪ್ಪಳಿಸಿ ಬಾಲ ಮುರಿಯಿತು. ಒಳಗಿದ್ದವರು ಬದುಕಿದರು. ಬೆಲ್ಟ್ ಬಿಚ್ಚುವುದು, ಬಾಗಿಲಿನ ಹಿಡಿ ಕತ್ತಲಲ್ಲೂ ಕೈಗೆ ಸಿಗುವಂತೆ ರೂಢಿಸಿಕೊಳ್ಳುವುದು, ಇಂಧನದ ಸ್ವಿಚ್ ಎಲ್ಲಿದೆಯೆಂದು ತಿಳಿದಿರುವುದು ವೈದ್ಯರಿಗೂ ನರ್ಸ್‌ಗಳಿಗೂ ಬೇಕೇಬೇಕಾದ ವಿದ್ಯೆ. ಅವರು ಮನೆಗೆ ವಾಪಸಾಗಬೇಕಾದವರು.

ಮಾಡಬೇಕಾದ್ದು ದೊಡ್ಡದೇನಲ್ಲ. ಹೆಲಿಪ್ಯಾಡ್ ಬಳಸುವ ಪ್ರತಿ ಆಸ್ಪತ್ರೆ, ಪ್ರತಿ ಟೆಕ್ ಪಾರ್ಕ್ ಮೂರು ತಿಂಗಳಿಗೊಮ್ಮೆ ಅರ್ಧ ದಿನ ಕೊಡಲಿ. ಏರ್ ಆಂಬುಲೆನ್ಸ್ ಜೊತೆ ಒಪ್ಪಂದ ಮಾಡಿಕೊಳ್ಳುವ ಆಸ್ಪತ್ರೆಗಳು, ಮುಂದೆ ಟೆಂಡರ್ ಕರೆದರೆ ರಾಜ್ಯ ಸರ್ಕಾರ, ಹಾರಾಟದ ಗಂಟೆಗಳ ಜೊತೆಗೆ ಕೂಡುತಾಲೀಮಿನ ಗಂಟೆಗಳನ್ನೂ ಷರತ್ತಾಗಿ ಬರೆಯಲಿ. ಆ ತಾಲೀಮಿಗೆ ಬಂದ ಗಾರ್ಡ್‌ಗೂ ಆಂಬುಲೆನ್ಸ್ ಚಾಲಕನಿಗೂ ಆ ದಿನದ ಸಂಬಳ ಕಡಿತವಾಗದಿರಲಿ. ಮೊದಲ ಕ್ಯಾಬಿನ್ ಪೀಣ್ಯದಲ್ಲಿ ಮುಂಗಾರಿಗೆ ಮುಂಚೆಯೇ ಸಿದ್ಧವಾದರೆ, ಮೊದಲ ಸನ್ನಿವೇಶ ಪ್ರೆಸ್‌ನಲ್ಲಿ ಕೈ ಕಳೆದುಕೊಂಡ ಆ ಕಾರ್ಮಿಕನದ್ದೇ ಆಗಲಿ. ಕ್ಯಾಪ್ಟನ್ ಬೇಡ ಎನ್ನುವುದನ್ನು, ಉಳಿದವರು ಒಂದು ಮಾತೂ ಎದುರಾಡದೆ ಸ್ಟ್ರೆಚರನ್ನು ರಸ್ತೆಯ ಆಂಬುಲೆನ್ಸ್ ಕಡೆ ತಿರುಗಿಸುವುದನ್ನು ಅಲ್ಲಿಂದಲೇ ಕಲಿಯೋಣ.